ಆಟದ ಹುಡುಗಿಗೆ ಗುಳ್ಳವ್ವನ ಮೂಗುತಿ

ಆಷಾಢದ ಮಂಗಳವಾರ ಬಂತೆಂದರೆ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಿಡಿ ಎರೆಮಣ್ಣು ದೇವಿಯಾಗಿಬಿಡುತ್ತದೆ. ನಮ್ಮ ಅತ್ತೆ ಅದನ್ನು ಹದವಾಗಿ ನಾದಿ, ಗುಳ್ಳವ್ವನನ್ನು ಮಾಡಿ ಕೂರಿಸಿ, ಕುಸುಬಿ ಕಾಳಿನ ಸರ ಹಾಕಿ, ಮೂಗಿಗೊಂದು ಕೆಂಪು ಗುಲಗಂಜಿ ಒತ್ತಿ, "ಎಷ್ಟ್ ಲಕ್ಷಣ ಅದಾಳ ನೋಡು" ಎಂದು ತಮ್ಮ ಕೈಗೆ ತಾವೇ ಶಹಬ್ಬಾಸ್ ಹೇಳಿಕೊಳ್ಳುತ್ತಾರೆ.

ಈ ಸಲ ಪಕ್ಕದಲ್ಲೇ ಇನ್ನೊಂದು ಸೃಷ್ಟಿಕಾರ್ಯ ನಡೆದಿತ್ತು. ಆರನೇ ಇಯತ್ತೆಯ ನನ್ನ ಮಗಳು ಪಲ್ಲವಿ ನನ್ನ ಫೋನಿನಲ್ಲಿ ಹೊಸ ಆಟಕ್ಕೆ ನಾಯಕಿಯನ್ನು ಮಾಡುತ್ತಿದ್ದಳು. ಕಾಲ ಎಷ್ಟು ಮುಂದೆ ಬಂದಿದೆ ನೋಡಿ! ನಾನು ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ಯಾವ ವಿಡಿಯೊ ಗೇಮ್ ತೆರೆದರೂ ಸಿಗುತ್ತಿದ್ದವನು ಒಬ್ಬನೇ, ಗಡ್ಡ ಬಿಟ್ಟ, ಬಿಳಿ ತೊಗಲಿನ, ಸದಾ ಸಿಟ್ಟಿನಲ್ಲಿರುವ ಗಂಡಸು. ಎರಡು ಜಡೆಯ ನಾನು ಆ ಗಡ್ಡದೊಳಗೆ ಹೊಕ್ಕು ಎಷ್ಟೋ ಲೋಕಗಳನ್ನು ಉಳಿಸಿದೆ. ಲೋಕಕ್ಕಾಗಲಿ ನನಗಾಗಲಿ ಅದು ವಿಚಿತ್ರವೆನಿಸಲಿಲ್ಲ. ಈಗಲೋ ಹೆಣ್ಣಾಗಬಹುದು, ಯಾವ ದೇಶದವರ ಮುಖವನ್ನಾದರೂ ತೊಡಬಹುದು, ಮೈಬಣ್ಣವನ್ನು ಬೆರಳಿನಿಂದ ಎಳೆದು ಹಾಲಿನಿಂದ ಕಾಡಿಗೆಯವರೆಗೆ ಬೇಕಾದಲ್ಲಿ ನಿಲ್ಲಿಸಬಹುದು.

ಪಲ್ಲವಿ ತನ್ನದೇ ಕಪ್ಪು ಬಣ್ಣದಲ್ಲಿ ನಿಲ್ಲಿಸಿದಳು. ಅತ್ತೆ ಇಣುಕಿ, ಕನ್ಯೆ ನೋಡಲು ಬಂದವರ ಗತ್ತಿನಲ್ಲಿ, "ಇಷ್ಟ್ ಕರ್ರಗ ಯಾಕ ಮಾಡಿದಿ? ಹೀರೋಯಿನ್ ಅಂದ್ರ ಬೆಳ್ಳಗಿರಬೇಕವಾ" ಎಂದರು.

ಮಗಳ ಮುಖ ಬಾಡಿತು. ಬಿಸಿಲಿಗೆ ಹೋಗಬೇಡ, ಕಡಲೆಹಿಟ್ಟು ಹಚ್ಚಿಕೋ ಎಂದು ದಿನವೂ ಕೇಳುವ ಹುಡುಗಿ. ಆ ಮಾತು ಫೋನಿನೊಳಗೂ ಬೆನ್ನಟ್ಟಿ ಬಂದರೆ ಅವಳು ಎಲ್ಲಿಗೆ ಹೋಗಬೇಕು? ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಜ್ಜಿಯನ್ನು ಕೇಳಿದಳು: "ಆಯಿ, ಮತ್ತ ನಿನ್ನ ಗುಳ್ಳವ್ವಗ ಯಾಕ ಸುಣ್ಣಾ ಹಚ್ಚಿಲ್ಲ?"

ಅತ್ತೆ ತಮ್ಮ ಕೈಯ ಮಣ್ಣು ನೋಡಿಕೊಂಡರು. ಯಾವ ಮಾತಿಗೂ ತಿರುಗುತ್ತರ ಕೊಡದೆ ಬಿಡದ ನಮ್ಮತ್ತೆಗೇ ಮಗಳು ತಿರುಗೇಟು ಕೊಟ್ಟದ್ದನ್ನು ನಾನು ಒಳಗೊಳಗೇ ಸವಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಅವರು ಫೋನು ಇಸಿದುಕೊಂಡು, "ಎಲ್ಲಾ ಐತಿ, ಮೂಗ್ತಿನ ಇಲ್ಲಲ್ಲ ಇಕಿಗೆ" ಎಂದು ಗೊಣಗಿ, ಗುಳ್ಳವ್ವನ ಮೂಗಿನ ಗುಲಗಂಜಿ ಕಿತ್ತು, ಚೂರು ಮಣ್ಣಿನ ಸಮೇತ ಗಾಜಿನ ಮೇಲೆ ಒತ್ತಿಯೇಬಿಟ್ಟರು! ಆಟದ ಹುಡುಗಿ ಎತ್ತ ಓಡಿದರೂ ಮೂಗುತಿ ಮಾತ್ರ ನಿಂತಲ್ಲೇ ನಿಂತಿತ್ತು. ನನ್ನ ಫೋನಿನ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಸಂಜೆ ಆರತಿಗೆ ಬಂದ ಪಕ್ಕದ ಮನೆಯವರು ಗುಳ್ಳವ್ವನ ಬರಿ ಮೂಗು ನೋಡಿ, "ಮೂಗ್ತಿ ಎಲ್ಲಿ ಹೋತ್ರಿ?" ಎಂದರು.

ಪಲ್ಲವಿ ತನ್ನ ಮೂಗು ಮುಟ್ಟಿಕೊಂಡು ಹೇಳಿದಳು: "ನನಗ ಕೊಟ್ಟಾಳ್ರಿ."