ಮಾರ್ಕಯನ್‌ಕೋಟ್ಟೈಯ ತಂಡೇಲ

ಹದಿನೆಂಟು ವರ್ಷ ತುಂಬುವ ತನಕ ಅಳಗರ್ ತಮಿಳುನಾಡಿನ ತೇನಿ ಕಡೆಯ ತನ್ನೂರಿನ ಮುಲ್ಲೈ ಹೊಳೆಗಿಂತ ಅಗಲವಾದ ನೀರನ್ನು ನೋಡಿರಲಿಲ್ಲ. ಅಪ್ಪ ಮಾರ್ಕಯನ್‌ಕೋಟ್ಟೈಯಲ್ಲಿ ಬಾಳೆ ಬೆಳೆಯುತ್ತಿದ್ದ. ಮನೆಮಾತು ಕನ್ನಡ. ೧೯೬೮ರಲ್ಲಿ ಬೋಡಿಯಿಂದ ತೂತುಕುಡಿಗೆ ಹೋಗುವ ಏಲಕ್ಕಿ ಲಾರಿಯಲ್ಲಿ ಮೂಟೆ ಇಳಿಸುವ ಕೆಲಸ ಸಿಕ್ಕಿತೆಂದು ಹೋದ ಅಳಗರ್ ಲಾರಿಯ ಜೊತೆ ವಾಪಸು ಬರಲಿಲ್ಲ. ಬಂದರಿನಲ್ಲಿ ಸಾಲಾಗಿ ನಿಂತಿದ್ದ ತೋಣಿಗಳು ಅವನನ್ನು ಹಿಡಿದು ನಿಲ್ಲಿಸಿದವು. ತೋಣಿ ಎಂದರೆ ಮೀನು ಹಿಡಿಯುವ ಪುಟ್ಟ ದೋಣಿಯಲ್ಲ. ಎತ್ತರದ ಹಾಯಿಗಳ, ಇಂಜಿನ್ ಇಲ್ಲದ ಮರದ ಹಡಗು. ಈರುಳ್ಳಿ, ಒಣಮೆಣಸಿನಕಾಯಿ, ಹೆಂಚು ತುಂಬಿಕೊಂಡು, ಗಾಳಿಯನ್ನೇ ನಂಬಿ ಕೊಲಂಬೋಗೆ ಹೋಗಿಬರುತ್ತಿದ್ದವು.

ಒಂದು ತೋಣಿಗೆ ಆಳಾಗಿ ಸೇರಿದ ಮೇಲೆ ಮೊದಲ ಮೂರು ಪ್ರಯಾಣದಲ್ಲಿ ಅವನು ವಾಂತಿ ಮಾಡಿದ್ದೇ ಹೆಚ್ಚು. ನಾಲ್ಕನೆಯದಕ್ಕೆ ಹೊಟ್ಟೆ ಒಗ್ಗಿತು. ತೋಣಿಯ ನಾಯಕನನ್ನು ತಂಡೇಲ ಎನ್ನುತ್ತಿದ್ದರು. ಅಲ್ಲಿನ ಮುದುಕ ತಂಡೇಲ ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಹಗ್ಗ ಕಟ್ಟಿ ಕಡಲಿಗೆ ಬಿಡುತ್ತಿದ್ದ. ಎಳೆದು ನೋಡಿದರೆ ಕೊಬ್ಬಿಗೆ ಅಂಟಿದ್ದು ಮರಳೋ, ಹವಳದ ಚೂರೋ, ಅದರ ಮೇಲೆ ದಾರಿ ಗೊತ್ತಾಗುತ್ತಿತ್ತು. ಅಳಗರ್ ಅದನ್ನು ಆರು ವರ್ಷ ನೋಡಿ ನೋಡಿ ಕಲಿತ. ಮುದುಕನ ಕಣ್ಣು ಮಂದವಾದಾಗ ಮಾಲೀಕ ಇವನನ್ನೇ ತಂಡೇಲ ಮಾಡಿದ. ಇಪ್ಪತ್ತನಾಲ್ಕರ ಹುಡುಗನ ಕೈಕೆಳಗೆ ಹನ್ನೊಂದು ಜನ.

ಕಡಲ್ಗಳ್ಳನಾಗಬೇಕೆಂದು ಅವನು ಹೊರಟವನಲ್ಲ. ಮರುವರ್ಷ ಮನ್ನಾರ್ ಕೊಲ್ಲಿಯಲ್ಲಿ ಒಂದು ಮಧ್ಯಾಹ್ನ ಗಾಳಿ ನಿಂತುಹೋಯಿತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ತೋಣಿಯೂ ಹಾಯಿ ಜೋಲು ಹಾಕಿಕೊಂಡು ನಿಂತಿತ್ತು. ಕೊಲಂಬೋದಿಂದ ಖಾಲಿ ಬರಬೇಕಾದ ತೋಣಿ ಅಂಚಿನ ತನಕ ನೀರಿನಲ್ಲಿ ಇಳಿದಿರುವುದನ್ನು ಅಳಗರ್ ಗಮನಿಸಿದ. ಒಳಗೆ ಸುಂಕ ತಪ್ಪಿಸಿ ತರುವ ಮಾಲಿದೆ. ಅದನ್ನು ಕಿತ್ತುಕೊಂಡರೆ ಅವರು ಯಾವ ಪೊಲೀಸಿಗೂ ಹೇಳುವಂತಿಲ್ಲ. ಊರಿನಿಂದ ತಂದಿದ್ದ ಬಾಳೆಗೊನೆ ಕಡಿಯುವ ಕತ್ತಿ ಹಿಡಿದು, ಐದು ಜನರನ್ನು ಚಿಕ್ಕ ದೋಣಿಯಲ್ಲಿ ಕೂರಿಸಿಕೊಂಡು ಹುಟ್ಟು ಹಾಕುತ್ತಾ ಹೋದ. ಹದಿನಾಲ್ಕು ಮೂಟೆ ಲವಂಗ ಸಿಕ್ಕಿತು. ಬೋಡಿಯ ಸಂತೆಯಲ್ಲಿ ಅದು ಬೆಟ್ಟದ ಲವಂಗದ ಜೊತೆ ಬೆರೆತು ಮಾರಾಟವಾಯಿತು. ಯಾರೂ ದೂರು ಕೊಡಲಿಲ್ಲ.

ಹಾಗೆ ಮೂರು ವರ್ಷದಲ್ಲಿ ಆರು ತೋಣಿ. ಒಂದರಲ್ಲಿ ಜಾಯಿಕಾಯಿ, ಒಂದರಲ್ಲಿ ನೈಲಾನ್ ಸೀರೆ. ಒಂದರಲ್ಲಿ ಅಡುಗೆಯವನು ಇವನ ಎಡಗಿವಿಯ ತುದಿಯನ್ನು ಕಚ್ಚಿ ಹರಿದ. ಮತ್ತೊಂದರಲ್ಲಿ ಬರೀ ಕೊಡೆ. ಮಾರುವ ದಾರಿ ತಿಳಿಯದೆ ನಲವತ್ತು ಕೊಡೆಯನ್ನು ಊರಿಗೆ ತಂದು ಹಂಚಿದ. ಆ ವರ್ಷ ಮಾರ್ಕಯನ್‌ಕೋಟ್ಟೈಯಲ್ಲಿ ಬಿಸಿಲಿಗೂ ಎಲ್ಲರ ತಲೆಯ ಮೇಲೆ ಒಂದೇ ಬಗೆಯ ಬಿದಿರುಹಿಡಿಯ ಕೊಡೆ. ಎಲ್ಲಿಂದ ಬಂತೆಂದು ಅಪ್ಪನೂ ಕೇಳಲಿಲ್ಲ.

ಏಳನೆಯದು ೧೯೭೮ರ ಮಾರ್ಚ್‌ನಲ್ಲಿ. ಬೆಳಗಿನ ಹೊತ್ತು, ಮಂದ ಗಾಳಿ. ಇವರ ತೋಣಿ ಹತ್ತಿರ ಬರುವುದನ್ನು ಕಂಡು ಆ ತೋಣಿಯ ತಂಡೇಲ ತನ್ನ ಆಳುಗಳ ಜೊತೆ ಚಿಕ್ಕ ದೋಣಿಗೆ ಹಾರಿ ಪರಾರಿಯಾದ. ಇಷ್ಟು ಸುಲಭವೇ ಎಂದುಕೊಂಡು ಅಳಗರ್ ಹತ್ತಿ ಟಾರ್ಪಾಲಿನ್ ಎಳೆದ. ಕೆಳಗೆ ಮೂಟೆಗಳಿರಲಿಲ್ಲ, ಜನರಿದ್ದರು. ಹದಿನೆಂಟು ಮಂದಿ. ಸಿಲೋನಿನ ಟೀ ತೋಟಗಳಲ್ಲಿ ತಮಿಳರ ಮೇಲೆ ಗಲಾಟೆಯಾಗಿ, ಕಾಗದಪತ್ರವಿಲ್ಲದೆ ಈ ಕಡೆ ಬರುತ್ತಿದ್ದವರು. ಪಾದ ಮುಳುಗುವಷ್ಟು ನೀರು ಒಳಗೆ ನಿಂತಿತ್ತು.

ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ದೈವಾನೈ ಎಂಬ ಹೆಂಗಸು ಅವನ ಕೈಯಲ್ಲಿದ್ದ ಕತ್ತಿಯನ್ನು ನೋಡಿದಳು. ಇವನೇ ಹೊಸ ತಂಡೇಲ ಎಂದುಕೊಂಡಳೇನೋ, ತಮಿಳಿನಲ್ಲಿ ಕೇಳಿದಳು, "ದಡ ಇನ್ನೆಷ್ಟು ದೂರ ಅಣ್ಣೇ?"

ಜೊತೆಗೆ ಬಂದವನೊಬ್ಬ ಅಳಗರ್‌ನ ತೋಳು ಹಿಡಿದ. "ನಮಗ್ಯಾಕೆ ಇದು? ಮಾಲಿಲ್ಲ, ನಡಿ ಹೋಗೋಣ."

"ಹೋದರೆ ಇದನ್ನ ನಡೆಸೋರು ಯಾರು?" ಎಂದ ಅಳಗರ್.

"ನಡೆಸೋನು ಓಡಿಹೋದ. ಅದು ಅವನ ಪಾಪ."

ಅಳಗರ್ ತೋಳು ಬಿಡಿಸಿಕೊಂಡ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಬ್ಬರನ್ನು ನೀರು ಮೊಗೆಯಲು ನಿಲ್ಲಿಸಿ, ತನ್ನ ತೋಣಿಯನ್ನು ತೂತುಕುಡಿಗೆ ಕಳಿಸಿ, ತಾನೇ ಚುಕ್ಕಾಣಿ ಹಿಡಿದ. ಸಂಜೆ ನಾಲ್ಕಕ್ಕೆ ಬರಿದೆಂದುಕೊಂಡ ಒಂದು ದಡ ಮುಟ್ಟಿದರು. ಅದು ಬರಿದಾಗಿರಲಿಲ್ಲ. ತಾಳೆಮರಗಳ ಹಿಂದೆ ಪೊಲೀಸ್ ಜೀಪು ನಿಂತಿತ್ತು.

ಕೋರ್ಟಿನಲ್ಲಿ ಅವನ ಮೇಲಿದ್ದ ಕೇಸು ಜನರನ್ನು ಕಳ್ಳತನದಿಂದ ಸಾಗಿಸಿದ್ದು. ಏನಾದರೂ ಹೇಳುವುದಿದೆಯೇ ಎಂದು ಜಡ್ಜ್ ಕೇಳಿದಾಗ, ತಾನು ಸಾಗಿಸುವವನಲ್ಲ, ದೋಚುವವನು ಎಂದು ಹೇಳಲು ಬಾಯಿ ತೆರೆದ. ವಕೀಲ ಕಾಲು ತುಳಿದ. ಎರಡು ವರ್ಷ ಜೈಲಾಯಿತು.

ಬಿಡುಗಡೆಯಾಗಿ ನೇರ ಊರಿಗೆ ಬಂದ. ಚಿನ್ನಮನೂರಿನ ಓಚ್ಚಮ್ಮಾಳ್ ಎಂಬ ಹುಡುಗಿಯ ಜೊತೆ ಸಂಬಂಧದ ಮಾತಾಯಿತು. ಮದುವೆಗೆ ಮೊದಲೇ ಅವಳಿಗೆ ಎಲ್ಲ ಹೇಳಿದ. ಅವಳು ಅವನ ಹರಿದ ಕಿವಿಯನ್ನೇ ನೋಡುತ್ತಾ, "ಇನ್ ಮ್ಯಾಲೆ ನೀರ್ ಮ್ಯಾಲೆ ಓಗೋದ್ ಬ್ಯಾಡ. ಅಷ್ಟ್ ಸಾಕು" ಎಂದಳು. ಅವನು ಹೋಗಲೂ ಇಲ್ಲ. ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ಹನ್ನೆರಡು ವರ್ಷ ಕಾಯಿ ಒಣಗಿಸುವ ಒಣಮನೆ ನೋಡಿಕೊಂಡ. ಆಮೇಲೆ ಅಪ್ಪನ ಬಾಳೆತೋಟ. ಅಷ್ಟರಲ್ಲಿ ತೋಣಿಗಳಿಗೂ ಇಂಜಿನ್ ಬಂದಿತ್ತು.

ಹೋದ ವರ್ಷ ಮೊಮ್ಮಗಳು ಅಭಿರಾಮಿಗೆ ಗಂಡು ಗೊತ್ತಾಯಿತು. ಅವಳು ತೇನಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಿಶ್ಚಯಕ್ಕೆ ಮೊದಲು ಗಂಡಿನ ಸೋದರತ್ತೆ ಪಾಪಮ್ಮಾಳ್ ಬೋಡಿಯಿಂದ ಬಂದರು. ಕಾಫಿ ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು.

"ಮಾಮಾ, ಊರ್‌ಲಿ ಒಂದ್ ಮಾತು ಕಿವಿಗ್ ಬಿತ್ತು. ನೀವು ಜೈಲ್‌ಗ್ ಓಗಿದ್ರಂತೆ?"

ಅಳಗರ್‌ನ ಮಗ ಮಾತು ಬದಲಿಸಲು ನೋಡಿದ. ಅಭಿರಾಮಿ ತಡೆದಳು. ಮನೆಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ನಾಲಿಗೆಗೆ ತಮಿಳೇ ಮೊದಲು ಬರುತ್ತದೆ. "ತಾತಾ, ಪೂರಾ ಸೊಲ್ಲುಂಗ," ಎಂದಳು, ಎಲ್ಲ ಹೇಳಿಬಿಡಿ ಎಂದು.

"ಆಮಾ ತಾಯೀ, ನಿಜ," ಎಂದು ಅಳಗರ್ ಲವಂಗದಿಂದ ಜೀಪಿನವರೆಗೆ ಹೇಳಿದ. ಒಂದು ಗಂಟೆ ಹಿಡಿಯಿತು.

"ಆ ಅದಿನೆಂಟ್ ಜನ ಏನಾದ್ರು ಮಾಮಾ?"

"ತಿಳೀದು. ಒಂದ್ ಲಾರೀಲಿ ಕೂರಿಸ್ಕಂಡ್ ಓದ್ರು. ಆ ಮಗು ಬದುಕಿದ್ರೆ ಈಗ ಐವತ್ತರ ಅತ್ರ." ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ಬೇರೆ ಯಾವುದರ ಬಗ್ಗೆ ಹೇಳುವಾಗಲೂ ತಡವರಿಸದವನು ಇಲ್ಲಿ ಸ್ವಲ್ಪ ತಡವರಿಸಿದ. "ಕೇಳ್ಬೇಕಾಗಿತ್ತು. ಕೇಳ್ಲಿಲ್ಲ."

ಪಾಪಮ್ಮಾಳ್ ಸೆರಗು ಸರಿಮಾಡಿಕೊಂಡರು. "ನಮ್ ಚಿಕ್ಕಪ್ಪ ಚೆಕ್‌ಪೋಸ್ಟ್‌ಲಿ ಏಲಕ್ಕಿ ಕದ್ದ್ ಸಾಗಿಸಿ ಸಿಕ್ಕಿಬಿದ್ದೌನೆ. ನಾವ್ ಅದ್ನ ನಿಮ್‌ಗ್ ಯೋಳೇ ಇಲ್ಲ. ಸರಿ, ನಿಶ್ಚಯ ಇಟ್ಕಳನ. ಆದ್ರೆ ಮದ್ವೆ ಮನೇಲಿ ಈ ಕತೆ ಬ್ಯಾಡ ಮಾಮಾ."

"ನಾನಾಗ್ ಯೋಳಲ್ಲ. ಕೇಳಿದೋರ್‌ಗೆ ಸುಳ್ಳೂ ಯೋಳಲ್ಲ," ಎಂದ ಅಳಗರ್.

ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಚಿನ್ನಮನೂರಿನ ಮಂಟಪದಲ್ಲಿ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ನಾಲ್ಕು ಜನ ಕೇಳಿದರು. ನಾಲ್ವರಿಗೂ ಹೇಳಿದ. ನಾಲ್ಕನೆಯವರು ಪಾಪಮ್ಮಾಳ್‌ರ ಗಂಡ. ಅವರು ಎರಡನೆಯ ಸಲ ಪಾಯಸ ಬಡಿಸಿಕೊಂಡು, ಗಾಳಿ ನಿಂತಾಗ ತೋಣಿಯವರು ದಿನವಿಡೀ ಏನು ಮಾಡುತ್ತಿದ್ದರು ಎಂದು ವಿಚಾರಿಸಿದರು.