ಶೇಂಗಾ ಪಾರ್ಟಿಯ ಅಪ್ಪ

ತುರ್ತು ಪರಿಸ್ಥಿತಿಯ ಕಾಲ. ನಮ್ಮ ಚುನಾವಣೆ ಮುಂದಕ್ಕೆ ಹೋಗಿತ್ತು, ಇಲ್ಲಿಯ ರಾಜಕೀಯ ಮಾತಾಡಲು ಇಳಕಲ್ಲಿನ ಗಂಡಸರಿಗೆಲ್ಲ ಅಂಜಿಕೆ. ಹೀಗಾಗಿ ಬಾಯಿ ಚಪಲವನ್ನೆಲ್ಲ ಅಮೆರಿಕದ ಅಧ್ಯಕ್ಷರ ಚುನಾವಣೆಯ ಮೇಲೆ ತೀರಿಸಿಕೊಂಡರು. ಅಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬ ಶೇಂಗಾ ಬೆಳೆಯುವವನೆಂದು ರೇಡಿಯೋ ಹೇಳಿದ್ದೇ ತಡ, ಹೊಲದ ತುಂಬ ಶೇಂಗಾ ಹಾಕಿದ್ದ ನಮ್ಮಪ್ಪ, "ಅವ ನಮ್ಮವ!" ಎಂದು ಎದೆ ತಟ್ಟಿಕೊಂಡ.

ಆಗ ಅಕ್ಕನ ಮದುವೆಯ ಮಾತು ಹುನಗುಂದದಲ್ಲಿ ನಡೆದಿತ್ತು. ಹುಡುಗ ಸಾಲಿ ಮಾಸ್ತರ. ಅಕ್ಕನಿಗೆ ಅವನು ಎಷ್ಟು ಮನಸ್ಸಿಗೆ ಬಂದಿದ್ದನೆಂದರೆ, ಹುನಗುಂದದ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ರೊಟ್ಟಿ ಹೊತ್ತಿಸುತ್ತಿದ್ದಳು. ಹುಡುಗನ ತಂದೆ ಊರಿನ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಠಿ. "ಕುರ್ಚಿ ಮ್ಯಾಲೆ ಕುಂತಾವನ್ನ ಯಾಕ ಎಬ್ಬಸಬೇಕ್ರಿ?" ಎಂದು ಆಗಲೇ ಅಧ್ಯಕ್ಷನಾಗಿದ್ದ ಇನ್ನೊಬ್ಬನ ಪರ ನಿಲ್ಲುವ ಪೈಕಿ. ಅಮೆರಿಕದಲ್ಲಿ ಇಬ್ಬರೂ ಸಮಸಮ ಇದ್ದಾರೆಂದು ರೇಡಿಯೋ ಹೇಳಿದಷ್ಟೂ ಇಲ್ಲಿ ಇವರಿಬ್ಬರ ಹಟ ಏರಿತು.

ಹೊಸ ಶೇಂಗಾ ಕಿತ್ತ ಕೂಡಲೇ ಬೀಗರ ಮನೆಗೆ ಒಂದು ಚೀಲ ಕಳಿಸುವುದು ನಮ್ಮಲ್ಲಿ ರೂಢಿ. ಬೀಗರಾಗುವವರು ಎಂದು ಅಪ್ಪ ಹುನಗುಂದಕ್ಕೂ ಕಳಿಸಿದ. ಮರುದಿನವೇ ಚೀಲ ಬಸ್ಸಿನ ಮೇಲೆ ಕೂತು ವಾಪಸ್ ಬಂತು. ಜೊತೆಗೆ ಕಂಡಕ್ಟರ್ ತಲಾಠಿಯವರ ಮಾತನ್ನೂ ತಂದಿದ್ದ.

"ನಮ್ಮ ಮನಿಗೆ ಪ್ರಚಾರಕ್ಕ ಬರಬ್ಯಾಡ್ರಿ ಅಂತ ಹೇಳ್ಯಾರ್ರಿ."

"ಪ್ರಚಾರ? ಪ್ರೀತಿಲೆ ಕಳಸಿದ್ದಕ್ಕ ಪ್ರಚಾರ ಅಂತಾನ? ಈ ಸಂಬಂಧನ ಬ್ಯಾಡ ಹೋಗು!" ಅಪ್ಪ ಹಾರಾಡಿದ.

"ಆ ಅಮೆರಿಕಾದಾವ ನಿಮಗ ಏನಾಗಬೇಕ್ರಿ?" ಎಂದು ಅವ್ವ ಕೇಳಿದರೂ ಜಗ್ಗಲಿಲ್ಲ. ಇಬ್ಬರು ಹಿರಿಯರ ಈ ಹುಚ್ಚಾಟಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಊಟ ಬಿಟ್ಟಳು.

ಕಡೆಗೆ ಶೇಂಗಾದವನೇ ಗೆದ್ದ. ಅಪ್ಪ ಓಣಿಯವರನ್ನೆಲ್ಲ ಕಟ್ಟೆಗೆ ಕರೆದು ಸಕ್ಕರೆ ಹಂಚತೊಡಗಿದ.

"ಅಲ್ಲಿ ಮಂದಿ ಮನಸಿನಂಗ ಆಗತೈತಿ ನೋಡ್ರಿ. ಒಂದೊಂದು ವೋಟಿಗೂ ಕಿಮ್ಮತ್ತೈತಿ!"

ಅಪ್ಪನೆದುರು ಎಂದೂ ದನಿ ಎತ್ತದ ಅಕ್ಕ ಹೊಸ್ತಿಲಿಗೆ ಬಂದಳು. "ಅಪ್ಪಾ, ಈ ಮನ್ಯಾಗ ನನ್ನ ವೋಟು ಯಾರರ ಕೇಳೀರೇನು?"

ಅಪ್ಪನ ಮುಖ ಸಣ್ಣದಾಯಿತು. ಪಾಪ, ಅವನಿಗೆ ನಿಜಕ್ಕೂ ಇದು ಹೊಳೆದೇ ಇರಲಿಲ್ಲ.

"ಈಗ ಕೇಳತೇನಿ. ಹೇಳವಾ."

"ಹುನಗುಂದಕ್ಕ," ಎಂದವಳೇ ಗಳಗಳ ಅತ್ತಳು.

ಮಧ್ಯಾಹ್ನದ ಬಸ್ಸಿಗೆ ಅಪ್ಪ ಹೊರಟ. ಮತ್ತೆಲ್ಲಿ ಜಗಳ ತೆಗೆಯುತ್ತಾನೋ ಎಂದು ಅವ್ವ ನನ್ನನ್ನೂ ಬೆನ್ನಿಗೆ ಹಚ್ಚಿದಳು. ತಲಾಠಿಯವರು ಮುಖ ಗಂಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು, "ಬರ್ರಿ" ಎನ್ನಲಿಲ್ಲ. ಅಪ್ಪ ನಿಂತೇ ಮಾತಾಡಿದ.

"ನಿಮ್ಮವ ಅಲ್ಲಿ ಸೋತಾನ. ನಾ ನಮ್ಮ ಮನ್ಯಾಗ ಸೋತು ಬಂದೇನ್ರಿ."

ಅವರು ಎದ್ದು ತಮ್ಮ ಕುರ್ಚಿಯನ್ನು ಅಪ್ಪನತ್ತ ಸರಿಸಿದರು. ಆಮೇಲೆ ಒಳಗೆ ಕೂಗಿದರು: "ಚಾ ಇಡ್ರಿ. ಬೀಗರು ಬಂದಾರ."