ಮಾಬೂಬಿಯ ದವಡಿ

ಮಾಬೂಬಿ ಸಸಿಯ ಸೂಡನ್ನ ಕೈಲೆ ಬಿಚ್ಚಿದ್ದು ನಾ ಒಮ್ಮೆನೂ ನೋಡಿಲ್ಲ. ಸೂಡಿಗೆ ಬಿಗಿದ ಹುಲ್ಲಿನ ಹುರಿ ಬಾಯಾಗ ಹಾಕಿ, ಕಟಕ್ಕನ ಕಡದು, ಥೂ ಅಂತ ಉಗುಳಿ, ಕೆಸರಿನಾಗ ಸಸಿ ಹಚ್ಚಾಕ ಬಗ್ಗತಿದ್ಲು. ದೋರನಹಳ್ಳಿ ಕಡೆ ಕೆನಾಲ ನೀರು ಬಂದು ಜೋಳದ ಹೊಲ ನೆಲ್ಲಿನ ಗದ್ದಿ ಆದ ಮ್ಯಾಲೆ ನಾವಿಬ್ರೂ ಒಂದೇ ಸಾಲಿನಾಗ ದುಡಿದವರು. ಹುರಿ ಕೊಯ್ಯಾಕ ನಾ ಕುಡಗೋಲು ಹುಡುಕಿದರ, "ಅಲ್ಲಾ ಬಾಯಾಗ ಕೊಟ್ಟಾನ, ನೀ ಸೊಂಟದಾಗ ಹುಡುಕಾಕತ್ತಿ ನಿಂಗವ್ವಾ," ಅಂತ ನಗತಿದ್ಲು. ಆಕಿ ನಕ್ಕರ ಮುಂದಿನ ಗದ್ದಿಯವರೂ ತಲಿ ಎತ್ತತಿದ್ರು. ಬಾಯಿ ಭಾಳ ಕೆಟ್ಟದು. ಮೇಸ್ತ್ರಿಗೂ ಬಿಡತಿದ್ದಿಲ್ಲ.

ಆ ದವಡಿಯೇ ಬಾತಿತು. ಬಲಗಡೆ, ಒಳಗ ನಿಂಬಿಕಾಯಿ ಇಟ್ಟಂಗ. ಶಹಾಪುರದ ಹಲ್ಲಿನ ಡಾಕ್ಟರಬಾಯಿ ಎಕ್ಸರೇ ನೋಡಿ, "ಇದರಾಗ ಎಲ್ಲಾ ಒಂದರ ಮ್ಯಾಲೊಂದು ಬಂದಾವ, ಗಂಟು ಎಷ್ಟು ಆಳ ಐತಿ ತಿಳಿಯೂದಿಲ್ಲ. ಕಲಬುರಗಿಗೆ ಹೋಗ್ರಿ," ಅಂದ್ಲು. ದವಡಿ ಉಳಿತೈತೋ, ಕೊಯ್ಯಬೇಕೋ ಅನ್ನೂದು ಅಲ್ಲಿಯ ಫೋಟೋದ ಮ್ಯಾಲೆ. ಮಾಬೂಬಿಗೆ ಗಂಡ ಇದ್ದಿಲ್ಲ, ಮಗಳು ಹಸಿ ಬಾಣಂತಿ. ಜೋಡಿ ನಾ ಹೋದೆ.

ಮೊದಲಿನ ಮಶೀನು ನಿಂತು ತೆಗೆಸಿಕೊಳ್ಳೂದು. ಮೂಗುಬಟ್ಟು, ಕಿವಿಯ ಬೆಂಡೋಲಿ ಬಿಚ್ಚಿಸಿದ್ರು. ಗದ್ದ ಪಟ್ಟಿ ಮ್ಯಾಲಿಟ್ಟು ಒಂದು ಪ್ಲಾಸ್ಟಿಕ್ ಕಡ್ಡಿ ಮುಂದಿನ ಹಲ್ಲಿನಾಗ ಹಿಡೀಬೇಕು, ಮಶೀನು ತಲಿ ಸುತ್ತ ತಿರುಗತೈತಿ. "ಕಚ್ಚಿ ಹಿಡೀರಿ ಅಮ್ಮಾ," ಅಂದ ಫೋಟೋದವ. ಈಕಿ ಕಚ್ಚಿದ್ಲು. ಕಟಕ್! ತುಂಡಾದದ್ದನ್ನ ಥೂ ಅಂತ ಉಗುಳಿದ್ಲು, ಗದ್ದ್ಯಾಗ ಉಗುಳಿದಂಗ.

"ಅಯ್ಯೋ, ಹಿಡೀರಿ ಅಂದೆ, ಕಡೀರಿ ಅನ್ನಲಿಲ್ಲರಿ!"

"ಹಲ್ಲಿನ ದವಾಖಾನಿಯಾಗ ಹಲ್ಲಿಗೆ ತಡಕೊಳ್ಳೋ ಕಡ್ಡಿ ಇಡಬಾರದೇನೋ?"

ಇನ್ನೊಂದು ಕಡ್ಡಿ ಕೊಟ್ಟು ಫೋಟೋ ತೆಗೆದ್ರು. ಅಲ್ಲಿಯ ಡಾಕ್ಟರು ಅದನ್ನ ಕಂಪ್ಯೂಟರಿನಾಗ ತಿರುಗಿಸಿ ತಿರುಗಿಸಿ ತೋರಿಸಿದ್ರು. ಹಲ್ಲಿನ ಬೇರು, ಎಲುಬು, ಎಲುಬಿನೊಳಗ ನರ ಹೋಗೋ ದಾರಿ, ಎಲ್ಲಾ ಚೊಕ್ಕ. ಆದ್ರ ಎಲುಬಿನ ಗ್ವಾಡಿ ಒಂದು ಕಡೆ ಒಡದಿತ್ತು. "ಎಲುಬಿಗೆ ಇದೇ ಚಲೋ, ಕಿರಣಾನೂ ಕಡಿಮಿ. ಆದ್ರ ಗಂಟು ಹೊರಗ ಮಾಂಸಕ್ಕ ಇಳದೈತೇನು ಅಂತ ಇದರಾಗ ತಿಳಿಯೂದಿಲ್ಲ. ಅದಕ್ಕ ಮಲಗಿಸಿ ತೆಗೆಯೋ ದೊಡ್ಡ ಸಿ.ಟಿ. ಬೇಕು, ಸೂಜೀಲೆ ಔಷಧ ಬಿಟ್ಟು," ಅಂದ್ರು.

ಮಾಬೂಬಿ ಸಿ.ಟಿ. ಖೋಲಿಯ ಬಾಗಲದಾಗ ನಿಂತು ಆ ದೊಡ್ಡ ಮಶೀನಿನ ತೂತು ನೋಡಿದ್ಲು.

"ನಾ ಒಲ್ಲೆ. ಮಲಗಿ ಒಳಗ ಹೋಗೂದು ಒಮ್ಮೇ. ಅದು ಕಬರಸ್ತಾನದಾಗ."

"ಈಗ ಹೋಗಲಿಲ್ಲಂದ್ರ ಅಲ್ಲಿಗೆ ಲಗೂನ ಹೋಗತಿ. ಬೀಳು," ಅಂದೆ.

ಬಿದ್ದಳು. ನನ್ನನ್ನ ಗಾಜಿನ ಹಿಂದ ನಿಲ್ಲಿಸಿದ್ರು. ಒಳಗ ಹೋದ ಕೂಡ್ಲೇ ಕಾಲು ಝಾಡಿಸಾಕ ಹತ್ತಿದ್ಲು. "ನಿಂಗವ್ವಾ, ಎಲ್ಲಿ ಅದೀ?" ಮಶೀನಿನ ಹುಡುಗಿ ಮೈಕ್ ನನ್ನ ಬಾಯಿಗೆ ಹಿಡಿದ್ಲು.

"ಇಲ್ಲೇ ಅದೀನಿ. ಸುಮ್ನ ಬಿದ್ದಿರು. ಅಲುಗಿದರ ನಿನ್ನ ಸಾಲು ನಾ ಹಚ್ಚೂದಿಲ್ಲ ನೋಡು."

ಕಾಲು ನಿಂತವು. ಆಮ್ಯಾಲೆ ಹೊಟ್ಟಿ ಕುಲುಕಾಕ ಹತ್ತಿತು. ನಗಾಕತ್ತಿದ್ಲು, ಹಾಟ್ಯಾನ ಮಗಳು. ನಗು ನಿಲ್ಲೂತನಕ ಹುಡುಗಿ ಕಾದ್ಲು.

ಗಂಟು ಮಾಂಸಕ್ಕ ಇಳದಿತ್ತು. ಬಲಗಡೆ ದವಡಿ ತೆಗೆದ್ರು.

ಆದ್ರೂ ಗದ್ದಿಗೆ ಬಂದ್ಲು. ಗಲ್ಲ ಒಳಗ ಹೋಗಿತ್ತು, ಮಾತು ಸೋರತಿತ್ತು. ಬೈದದ್ದು ಮೇಸ್ತ್ರಿಗೆ ತಿಳೀತಿದ್ದಿಲ್ಲ, ನಾ ಬಿಡಿಸಿ ಹೇಳತಿದ್ದೆ. ಸೂಡು ನನ್ನ ಕಡೆ ಚಾಚತಿದ್ಲು, ನಾ ಕುಡಗೋಲಿಲೆ ಹುರಿ ಕೊಯ್ದು ಕೊಡತಿದ್ದೆ. ಆಕಿ ಮುಖ ನಾ ನೋಡತಿದ್ದಿಲ್ಲ. ಈಗಲೂ ಸಸಿ ಹಚ್ಚೋ ಕಾಲಕ್ಕ ನನ್ನ ಕಿವಿ ಆ ಕಟಕ್ ಸಪ್ಪಳ ಕಾಯತಾವ. ಕಿವಿಗೆ ಬುದ್ಧಿ ಇಲ್ಲ.

ಗಂಟು ಕುತ್ತಿಗ್ಯಾಗ ಮತ್ತ ಬಂತು. ಹೋದ್ಲು. ನಮ್ಮೂರಾಗ ಅವರ ಹೆಂಗಸರು ಮಣ್ಣಿಗೆ ಹೋಗೂದಿಲ್ಲ, ನಾನೂ ಹೋಗಲಿಲ್ಲ. ಕಬರಸ್ತಾನದ ಗ್ವಾಡಿ ಹೊರಗ, ಕೆನಾಲ ದಂಡಿಗೆ ನಿಂತೆ. ಒಳಗಿಂದ ಸಲಿಕಿ ಸಪ್ಪಳ ಬರತಿತ್ತು.

"ಇಲ್ಲೇ ಅದೀನಿ. ಸುಮ್ನ ಬಿದ್ದಿರು," ಅಂದೆ.

ಮೈಕ್ ಇದ್ದಿಲ್ಲ. ಜೋರಾಗೇ ಅಂದೆ.